ಸೋಲುವ ಹೊಲಿಗೆ

ಹಿರಿಯೂರಿನ ಬೈಪಾಸಿನ ಪಕ್ಕ, ಟೈರಿನಂಗಡಿಗೂ ವೆಲ್ಡಿಂಗ್ ಶಾಪಿಗೂ ನಡುವೆ, ಬೋರ್ಡಿಲ್ಲದ ಒಂದು ಉದ್ದನೆಯ ತಗಡಿನ ಶೆಡ್ಡಿದೆ. ಒಳಗೆ ಯಾವಾಗಲೂ ಒಂದು ಟಾರ್ಪಾಲು ನೆಲದ ತುಂಬ ಹಾಸಿರುತ್ತದೆ. ಅದರ ನಡುವೆ ಕಾಲು ಚಾಚಿಕೊಂಡು ಶೌಕತ್ ಅಲಿ ಕೂತಿರುತ್ತಾರೆ. ಬಲ ಅಂಗೈಗೆ ಚರ್ಮದ ಪಟ್ಟಿ, ಕೈಯಲ್ಲಿ ಗೇಣುದ್ದದ ಸೂಜಿ. ಕೆಲಸ ಮುಗಿದಾಗ ಆ ಸೂಜಿಯನ್ನು ದಾರದ ಸಮೇತ ವೇಸ್ಟ್‌ಕೋಟಿನ ಕಾಲರಿಗೆ ಚುಚ್ಚಿಕೊಳ್ಳುತ್ತಾರೆ. ಬೆಂಗಳೂರಿಗೂ ಪುಣೆಗೂ ನಡುವೆ ಓಡಾಡುವ ಲಾರಿಯವರಿಗೆಲ್ಲ ಆ ಶೆಡ್ಡು ಗೊತ್ತು. ಅರವತ್ತರ ಹತ್ತಿರ ಬಂದಿರುವ ಈ ಮನುಷ್ಯ ನಲವತ್ತು ವರ್ಷದಿಂದ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದಾರೆ.

ನಾನು ಮಂಜಣ್ಣ, ಆದಿವಾಲದವನು. ನಮ್ಮಪ್ಪ ಯತ್ತಪ್ಪ ಕುರಿ ಕಾದರು, ನಾನು ಪಿಕಪ್ ಗಾಡಿ ಕಾಯುತ್ತಿದ್ದೇನೆ. ಬಾಡಿಗೆ ಇಲ್ಲದ ಹೊತ್ತಿನಲ್ಲಿ ನಾನು ಬಿದ್ದಿರುವುದು ಶೌಕತ್ ಚಾಚಾನ ಶೆಡ್ಡಿನಲ್ಲೇ. ನನ್ನ ಗಾಡಿಯ ಟಾರ್ಪಾಲನ್ನು ಮೂರು ಸಲ ಅವರೇ ಹೊಲಿದುಕೊಟ್ಟಿದ್ದಾರೆ, ಮೂರು ಸಲವೂ ನನ್ನನ್ನು ಬೈದಿದ್ದಾರೆ. ಹಗ್ಗ ಎಳೆದು ಕಟ್ಟುವುದರಲ್ಲಿ ನಾನು ರಾಕ್ಷಸನಂತೆ. ಇರಬಹುದು. ಸರಕು ನೆನೆದರೆ ಮಾಲೀಕನ ಬಾಯಿಗೆ ಬೀಳುವವನು ನಾನು ತಾನೆ?

ಚಾಚಾ ಯಾರಿಗೂ ಹೆದರುವವರಲ್ಲ. ಪೊಲೀಸರಿಗೂ ಇಲ್ಲ, ಹೆಂಡತಿ ಗುಲ್ನಾಜ್ ಚಾಚಿಗೆ ಮಾತ್ರ ಸ್ವಲ್ಪ. ಅವರಿಗೆ ನಿಜವಾದ ಹೆದರಿಕೆ ಅಂತ ಇದ್ದರೆ ಅದು ಗಾಳಿಯದು. ನಮ್ಮ ಕಡೆ ಗುಡ್ಡಗಳ ಮೇಲೆಲ್ಲ ಈಗ ಗಾಳಿಯಂತ್ರ ನಿಂತಿವೆ. ಬಂದ ನೆಂಟರಿಗೆ ತೋರಿಸಿ ನಾವು ಹಿಗ್ಗುತ್ತೇವೆ. ಚಾಚಾ ಅವುಗಳ ರೆಕ್ಕೆ ಜೋರಾಗಿ ತಿರುಗಿದ ದಿನ ಊಟ ಬಿಡುತ್ತಾರೆ. ಅದಕ್ಕೆ ಕಾರಣವಿದೆ.

ಅವರಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ, ಅಪ್ಪನ ಸಹಾಯವಿಲ್ಲದೆ ಒಬ್ಬರೇ ಕೂತು ಒಂದು ಟಾರ್ಪಾಲು ಹೊಲಿದರು. ಮೊದಲನೆಯದು. ಅಣ್ಣ ಜಮೀರನ ಲಾರಿಗೆ. ಮೂಲೆ ಮೂಲೆಗೂ ಎರಡೆಳೆ, ಉಂಗುರಕ್ಕೆ ನಾಲ್ಕೆಳೆ. "ಲಾರಿ ಹರಿದೀತು, ಇದು ಹರಿಯಲ್ಲ" ಅಂತ ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಜಂಬ ಕೊಚ್ಚಿದರಂತೆ. ಆಷಾಢದಲ್ಲಿ ಜಮೀರ್ ಚಳ್ಳಕೆರೆಯಿಂದ ಶೇಂಗಾ ಸಿಪ್ಪೆ ತುಂಬಿಕೊಂಡು ಹೊರಟ. ಸಿಪ್ಪೆ ಅಂದರೆ ಗೊತ್ತಲ್ಲ, ತೂಕವಿಲ್ಲ, ಎತ್ತರ ಮಾತ್ರ ಎರಡಾಳು. ಚಿತ್ರದುರ್ಗದ ಗುಡ್ಡದ ಕೆಳಗಿನ ಬಯಲಿನಲ್ಲಿ ಗಾಳಿ ಟಾರ್ಪಾಲಿನೊಳಗೆ ನುಗ್ಗಿತು. ಎಲ್ಲಾದರೂ ಒಂದು ಮೂಲೆ ಕಿತ್ತಿದ್ದರೆ ಗಾಳಿ ಹೊರಗೆ ಹೋಗುತ್ತಿತ್ತು. ಕೀಳಲಿಲ್ಲ. ಲಾರಿ ಮಗ್ಗುಲಿಗೆ ಮಗುಚಿ ಜಮೀರ್ ಅದರಡಿ ಸತ್ತ. ಹೆಣ ತೆಗೆಯಲು ಬಂದವರಲ್ಲಿ ಯಾರೋ ಟಾರ್ಪಾಲು ಮುಟ್ಟಿ ನೋಡಿ, "ಏನ್ ಹೊಲಿಗೆ ಮಾರಾಯ, ಒಂದೆಳೆ ಬಿಟ್ಟಿಲ್ಲ" ಅಂದರಂತೆ. ಚಾಚಾ ಅಲ್ಲೇ ಪಕ್ಕದಲ್ಲಿ ನಿಂತಿದ್ದರು. ಈ ಮಾತನ್ನು ನನಗೆ ಅವರು ಒಂದೇ ಸಲ ಹೇಳಿದ್ದು, ಅದೂ ಸೂಜಿಯಿಂದ ಕಣ್ಣೆತ್ತದೆ.

ಅವತ್ತಿನಿಂದ ಅವರು ಪ್ರತಿ ಟಾರ್ಪಾಲಿನ ಹಿಂದಿನ ಕೆಳಮೂಲೆಯ ಉಂಗುರವನ್ನು ಒಂದೇ ಎಳೆ ಹತ್ತಿದಾರದಲ್ಲಿ ಹೊಲಿಯುತ್ತಾರೆ. ಜೇನುಮೇಣ ಸವರಿದ ಹಳದಿ ದಾರ. ಉಳಿದದ್ದೆಲ್ಲ ಗಟ್ಟಿ ನೈಲಾನು, ಆ ಒಂದು ಮೂಲೆ ಮಾತ್ರ ಬಡವ. ಗಾಳಿ ಮಿತಿ ಮೀರಿದರೆ ಮೊದಲು ಅದು ಕೀಳಬೇಕು, ಲಾರಿ ಉಳಿಯಬೇಕು. "ಗಾಳಿ ಹತ್ರ ಗೆಲ್ಲಾಕೆ ಹೋಗಬ್ಯಾಡ್ರಿ, ಒಂದು ಮೂಲೇಲಿ ಸೋಲ್ರಿ" ಅನ್ನುತ್ತಾರೆ. ಲಾರಿಯವರು ಅದಕ್ಕೆ ಸೋಲುವ ಹೊಲಿಗೆ ಅಂತ ಹೆಸರಿಟ್ಟಿದ್ದಾರೆ. ಆ ಮೂಲೆ ಕಿತ್ತುಹೋಗಿದೆ ಅಂತ ಯಾರಾದರೂ ಬಂದರೆ ಚಾಚಾ ದುಡ್ಡು ಮುಟ್ಟದೆ ಮತ್ತೆ ಹೊಲಿದುಕೊಡುತ್ತಾರೆ. ಅವತ್ತೆಲ್ಲ ಖುಷಿಯಾಗಿರುತ್ತಾರೆ.

ಇಂಥವರ ಹೊಟ್ಟೆಯಲ್ಲಿ ಎಂಥ ಮಗಳು ಹುಟ್ಟಬೇಕಿತ್ತು ನೋಡಿ. ಅರ್ಫಾ ಕಾಲೇಜಿಗೆ ಹೋದಾಗ ನೌಕಾದಳದ ಎನ್‌ಸಿಸಿ ಸೇರಿದಳು. ಮಾರಿಕಣಿವೆಯ ಹಿನ್ನೀರಿನಲ್ಲಿ ಕ್ಯಾಂಪ್ ಹಾಕಿ ಇವರಿಗೆ ಹಾಯಿದೋಣಿ ಕಲಿಸಿದರು. ಉಳಿದವರು ಸರ್ಟಿಫಿಕೇಟ್ ತಗೊಂಡು ಮನೆಗೆ ಹೋದರು, ಇವಳಿಗೆ ಹುಚ್ಚು ಹತ್ತಿತು. ಗೋವಾದ ಒಂದು ಕ್ಲಬ್ಬಿನಲ್ಲಿ ತರಬೇತಿ, ಆಮೇಲೆ ಅಲ್ಲೇ 'ಮುಂಗಾರಿ' ಅನ್ನುವ ದೋಣಿಯ ಐದು ಜನರ ತಂಡದಲ್ಲಿ ಜಾಗ. ಗಾಳಿಗೆ ಹೆದರುವ ಅಪ್ಪನ ಮಗಳು ಗಾಳಿಯನ್ನೇ ನಂಬಿ ಸಮುದ್ರಕ್ಕೆ ಹೋದಳು. ಬೇಡ ಅಂತ ಚಾಚಾ ಒಂದು ದಿನವೂ ಅನ್ನಲಿಲ್ಲ. ಆದರೆ ಮಾರಿಕಣಿವೆ ಅರ್ಧ ಗಂಟೆಯ ದಾರಿ, ಅವಳು ದೋಣಿ ನಡೆಸುವುದನ್ನು ನೋಡಲು ಒಮ್ಮೆಯೂ ಹೋಗಲಿಲ್ಲ.

ಕಳೆದ ನವೆಂಬರಿನ ಒಂದು ಗುರುವಾರ ಬೆಳಿಗ್ಗೆ ಅರ್ಫಾ ಬಸ್ಸಿನಿಂದ ಒಂದು ದೊಡ್ಡ ಬಿಳಿ ಮೂಟೆ ಇಳಿಸಿಕೊಂಡು ಶೆಡ್ಡಿಗೆ ಬಂದಳು. ಮೂಟೆಯಲ್ಲಿದ್ದದ್ದು ಮುಂಗಾರಿಯ ಮುಂದಿನ ಹಾಯಿ. ಅಭ್ಯಾಸದಲ್ಲಿ ಅದರ ಹಿಂದಿನ ಕೆಳಮೂಲೆ, ಹಗ್ಗ ಕಟ್ಟುವ ಉಂಗುರದ ಸುತ್ತಲ ಬಟ್ಟೆ, ಒಂದು ಮಾರು ಹರಿದಿತ್ತು. ಶನಿವಾರ ಮಧ್ಯಾಹ್ನ ಗೋವಾದಿಂದ ಪಂದ್ಯ. ಮೊದಲ ಹಂತ ಮಲ್ಪೆಗೆ, ಎರಡನೆಯದು ಕೊಚ್ಚಿಗೆ. ಹಾಯಿ ಹೊಲಿಯುವವರು ಮುಂಬೈಯಲ್ಲಿದ್ದರು, ಹತ್ತು ದಿನ ಬೇಕು ಅಂದರಂತೆ. "ನಮ್ಮ ಅಬ್ಬಾ ಒಂದೇ ದಿನದಾಗೆ ಹೊಲಿತಾರೆ" ಅಂತ ಇವಳು ಕ್ಯಾಪ್ಟನ್ನಿಗೆ ಮಾತು ಕೊಟ್ಟುಬಿಟ್ಟಿದ್ದಳು.

ಚಾಚಾ ಅವತ್ತು ಬೇರೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಕ್ಲಬ್ಬಿನವರು ಕೊಟ್ಟ ಬಿಳಿ ಪಾಲಿಯೆಸ್ಟರ್ ದಾರದಲ್ಲಿ ಪದರದ ಮೇಲೆ ಪದರ ಕೂರಿಸಿ ಹೊಲಿದರು. ಅರ್ಫಾ ಮೂಟೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನಾನು ಹಾಯಿಯ ಒಂದು ತುದಿ ಹಿಡಿದುಕೊಂಡು, ನಮ್ಮ ತಾಲ್ಲೂಕಿನ ರಾಜಕೀಯವನ್ನೆಲ್ಲ ಅವರ ಕಿವಿಗೆ ತುಂಬುತ್ತಾ ಕೂತಿದ್ದೆ. ನನ್ನ ಬಾಯಿ ಸ್ವಲ್ಪ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಯೋಚಿಸುತ್ತೇನೆ. ಸಂಜೆ ಐದಕ್ಕೆ ಕೊನೆಯ ಉಂಗುರದ ಹೊಲಿಗೆ ಮುಗಿಯಿತು. ಅರ್ಫಾ ಮೂಟೆ ಕಟ್ಟಿಕೊಂಡು ಬಸ್ಸು ಹತ್ತಿದಳು.

ಭಾನುವಾರ ನಸುಕಿಗೆ ನಾವಿಬ್ಬರೂ ನನ್ನ ಪಿಕಪ್ಪಿನಲ್ಲಿ ಹೊರಟೆವು. ಮರವಂತೆಯಲ್ಲಿ ರಸ್ತೆ ಸಮುದ್ರದ ಅಂಚಿನಲ್ಲೇ ಹೋಗುತ್ತದೆ, ಅಲ್ಲಿಂದ ದೋಣಿ ಕಾಣಬಹುದು, ಸಂಜೆ ಮಲ್ಪೆಯಲ್ಲಿ ಸಿಗುತ್ತೇವೆ ಅಂತ ಅರ್ಫಾ ಹೇಳಿದ್ದಳು. ಚಾಚಾ ಬರುತ್ತೇನೆ ಅಂದದ್ದೇ ನನಗೆ ಆಶ್ಚರ್ಯ. ತಾವು ಹೊಲಿದ ಹಾಯಿ ಸಮುದ್ರದ ಮೇಲೆ ನಿಲ್ಲುವುದನ್ನು ನೋಡುವ ಆಸೆ ಹೆದರಿಕೆಯನ್ನೂ ಮೀರಿತ್ತು ಅನ್ನಿಸುತ್ತದೆ. ಗುಲ್ನಾಜ್ ಚಾಚಿ ಬುತ್ತಿ ಕೊಡುತ್ತಾ ಬಾಗಿಲಲ್ಲೇ ಕೇಳಿದರು: "ನಿಮ್ಮ ಹೊಲಿಗೆ ತಡೀತೈತಲ್ಲ?"

"ಲಾರಿ ಹರಿದೀತು, ಅದು ಹರಿಯಲ್ಲ" ಅಂದರು ಚಾಚಾ, ನಗುತ್ತಾ. ಅಂದವರೇ ತುಟಿ ಕಚ್ಚಿಕೊಂಡರು. ನಲವತ್ತು ವರ್ಷದ ಹಿಂದಿನ ಮಾತು ತಾನಾಗೇ ಬಾಯಿಗೆ ಬಂದಿತ್ತು.

ಹೊಳಲ್ಕೆರೆಯಲ್ಲಿ ಟೀಗೆ ಗಾಡಿ ನಿಲ್ಲಿಸಿದೆ. ಚಳಿಯಿತ್ತು. ಚಾಚಾ ವೇಸ್ಟ್‌ಕೋಟಿನ ಕಾಲರನ್ನು ಕತ್ತಿಗೆ ಏರಿಸಿಕೊಳ್ಳಲು ಹೋಗಿ 'ಸ್' ಅಂದರು. ಸೂಜಿ ಚುಚ್ಚಿತ್ತು. ಶುಕ್ರವಾರ ಜುಮ್ಮಾ, ಶನಿವಾರ ದುರ್ಗದಲ್ಲಿ ನೆಂಟರ ಮದುವೆ. ಹಾಗಾಗಿ ಆ ವೇಸ್ಟ್‌ಕೋಟು ಎರಡು ದಿನ ಗೂಟದಲ್ಲೇ ನೇತಾಡಿತ್ತು, ಅವರು ಅದನ್ನು ತೊಟ್ಟದ್ದು ಅವತ್ತೇ. ಸೂಜಿಯನ್ನು ಕಿತ್ತು ಬೆಳಕಿಗೆ ಹಿಡಿದರು. ತುದಿಯಲ್ಲಿ ಒಂದು ಗೇಣು ದಾರ ಉಳಿದಿತ್ತು. ಅದನ್ನೇ ನೋಡುತ್ತಾ ನಿಂತರು. ಟೀ ಕೈಯಲ್ಲೇ ತಣ್ಣಗಾಯಿತು.

"ಏನಾತು ಚಾಚಾ?"

"ಏನಿಲ್ಲ. ಹೋಗಾಣ ನಡಿ. ಬೇಗ ಹೋಗಾಣ."

ಅವರೇ ಮೊದಲು ಗಾಡಿ ಹತ್ತಿದರು. ಸೂಜಿ ಹಿಡಿದ ಮುಷ್ಟಿಯನ್ನು ಬಿಚ್ಚಲಿಲ್ಲ. ಇನ್ನೊಂದು ಕೈಯಲ್ಲಿ ಫೋನು. ಅದರಲ್ಲಿ ಪಂದ್ಯದ ನಕಾಶೆ ಬರುತ್ತಿತ್ತು. ನೀಲಿಯ ಮೇಲೆ ಐದು ಚುಕ್ಕೆ, ಐದು ದೋಣಿ, ಮುಂಗಾರಿಯದು ಕೆಂಪು. ಅರ್ಧ ಗಂಟೆಗೊಮ್ಮೆ ಮಾತ್ರ ಚುಕ್ಕೆಗಳು ಸರಿಯುತ್ತವೆ. ಚಾಚಾ ನಿಮಿಷಕ್ಕೊಮ್ಮೆ ಬೆರಳು ಒತ್ತುತ್ತಿದ್ದರು. ಘಾಟಿಯ ಹೆದರಿಕೆ ಇರಬೇಕು ಅಂದುಕೊಂಡು ನಾನು ತಮಾಷೆ ಮಾಡಿದೆ, ಹಾಡು ಹಾಕಿದೆ. ಅವರು ಹಾಡನ್ನು ಆರಿಸಿದರು.

ಶಿವಮೊಗ್ಗದಲ್ಲಿ ದೀಪಾ ಅವರ ಮೆಸೇಜ್ ಬಂತು. ದೀಪಾ ಅಂದರೆ ಮುಂಗಾರಿ ತಂಡದ ದಡದ ಉಸ್ತುವಾರಿ. ದೋಣಿ ಬರುವ ಮೊದಲೇ ಮಲ್ಪೆಯ ಜೆಟ್ಟಿಗೆ ಹೋಗಿ ಎಲ್ಲ ವ್ಯವಸ್ಥೆ ನೋಡುವವರು. ಮನೆಯವರಿಗೆಲ್ಲ ಸುದ್ದಿ ಕಳಿಸುವುದೂ ಅವರೇ. ನಾನೇ ಓದಿ ಹೇಳಿದೆ: ಮಧ್ಯಾಹ್ನದ ಹೊತ್ತಿಗೆ ಬೈಂದೂರು, ಕುಂದಾಪುರದ ಎದುರು ಗಾಳಿಮಳೆ ಬರುವ ಸಂಭವವಿದೆ, ಗಾಬರಿಯಾಗಬೇಡಿ, ಇದೆಲ್ಲ ಮಾಮೂಲು.

ಚಾಚಾನ ಮುಖದಲ್ಲಿ ರಕ್ತ ಇಳಿದುಹೋಯಿತು. "ಇನ್ನೂ ಜೋರಾಗಿ ಓಡಿಸಪ್ಪ" ಅಂದರು. ನಲವತ್ತು ದಾಟಿದರೆ ಬೈಯುವ ಮನುಷ್ಯ! ನಾನೂ ಆಕ್ಸಿಲರೇಟರ್ ಒತ್ತಿದೆ. ಯಾಕೆ ಅಂತ ನನಗೇ ಗೊತ್ತಿರಲಿಲ್ಲ. ನಮ್ಮಪ್ಪ ಹೇಳುತ್ತಿದ್ದರು, ಮುಂದಿನ ಕುರಿ ಬೆದರಿದರೆ ಹಿಂದಿನವು ಕಾರಣ ಕೇಳುವುದಿಲ್ಲ ಅಂತ.

ಹುಲಿಕಲ್ ಘಾಟಿಯಲ್ಲಿ ಸಿಗ್ನಲ್ ಹೋಯಿತು. ಕೆಂಪು ಚುಕ್ಕೆ ಭಟ್ಕಳದ ಎದುರು ನಿಂತೇಬಿಟ್ಟಿತು. ಅದು ದೋಣಿ ನಿಂತದ್ದಲ್ಲ, ನಮ್ಮ ಫೋನು ಸತ್ತದ್ದು ಅಂತ ಗೊತ್ತಿದ್ದರೂ ಚಾಚಾ ಅದನ್ನೇ ದಿಟ್ಟಿಸುತ್ತಿದ್ದರು. ತುಟಿ ದುವಾ ಹೇಳುತ್ತಿತ್ತು. ಎದುರಿನಿಂದ ಲಾರಿಗಳು, ಪಕ್ಕದಲ್ಲಿ ಪ್ರಪಾತ. ತಿರುವಿನಲ್ಲಿ ಒಮ್ಮೆ ನನ್ನ ಟೈರು ಮಣ್ಣಿಗಿಳಿದು ಮೇಲೆ ಬಂತು. ಚಾಚಾ ತಲೆ ಎತ್ತಲೂ ಇಲ್ಲ.

ಮರವಂತೆಗೆ ಬಂದಾಗ ಹನ್ನೆರಡೂವರೆ. ಮಂಗಳೂರಿನ ಮಾರ್ಕೆಟ್ಟಿಗೆ ನಾನು ದಾಳಿಂಬೆ ಲೋಡು ಎಷ್ಟೋ ಸಲ ಒಯ್ದಿದ್ದೇನೆ. ಆದರೆ ಸಮುದ್ರದ ಮುಂದೆ ಗಾಡಿ ನಿಲ್ಲಿಸಿ ನಿಂತದ್ದು ಅದೇ ಮೊದಲು. ರಸ್ತೆ ದಾಟಿದರೆ ಕಲ್ಲು, ಕಲ್ಲಿನಾಚೆ ನೀರು, ನೀರಿಗೆ ಕೊನೆಯೇ ಇಲ್ಲ. ನನಗೆ ಆ ಜಾಗ ಒಂದು ಚೂರೂ ಹಿಡಿಸಲಿಲ್ಲ. ನೆಲ ಅನ್ನುವುದು ಇದ್ದಕ್ಕಿದ್ದಂತೆ ಮುಗಿದುಹೋಗುವುದು ಯಾವ ನ್ಯಾಯ? ದೂರದಲ್ಲಿ, ತೀರಾ ದೂರದಲ್ಲಿ, ಬಿಳಿ ಚೂರುಗಳು ಕಂಡವು. ಎಣಿಸಿದೆ. ಐದು. ಅವುಗಳ ಹಿಂದೆ, ಉತ್ತರದ ಮೂಲೆಯಿಂದ, ಮೋಡ ಇಡಿಯಾಗಿ ನೀರಿಗೆ ಇಳಿದುಕೊಂಡು ಬರುತ್ತಿತ್ತು.

ಚಾಚಾ ಕಲ್ಲಿನ ಮೇಲೆ ಕುಕ್ಕರಿಸಿದರು. ಮುಷ್ಟಿ ಬಿಚ್ಚಿ ನನ್ನ ಕಡೆ ಚಾಚಿದರು. ಸೂಜಿ ಅಂಗೈಯಲ್ಲಿ ಅಚ್ಚೊತ್ತಿತ್ತು.

"ದಾರ ನೋಡು ಮಂಜಣ್ಣ."

ನೋಡಿದೆ. ಹಳದಿ. ಮೇಣ ಸವರಿದ ಹತ್ತಿದಾರ, ಒಂದೇ ಎಳೆ. ಗುರುವಾರ ಅವರು ಹಾಯಿ ಬಿಟ್ಟು ಬೇರೇನೂ ಹೊಲಿದಿರಲಿಲ್ಲ.

"ಕೊನೇ ಉಂಗುರ. ಹಿಂದಿನ ಕೆಳಮೂಲೆ. ನೀನು ಮಾತಾಡ್ತಿದ್ದೆ, ನಾನು ಹೂಂಗುಡ್ತಿದ್ದೆ. ಕೈ ಅದರ ಪಾಡಿಗೆ ಅದು ಲಾರಿ ಹೊಲಿಗೆ ಹಾಕೈತೆ. ಲಾರೀಲಿ ಆ ಮೂಲೆ ಕಿತ್ತರೆ ಲಾರಿ ಉಳಿತದೆ. ದೋಣೀಲಿ ಇಡೀ ಹಾಯಿ ನಿಂತಿರೋದೇ ಆ ಉಂಗುರದ ಮ್ಯಾಲೆ ಕಣಪ್ಪ. ಅರ್ಫಾನೇ ಹೇಳಿದ್ಲು. ಗಾಳೀಲಿ ಅದು ಕಿತ್ತರೆ ಉಂಗುರ ಗುಂಡಿನಂಗೆ ಹಾರತೈತಂತೆ. ಆ ಹಗ್ಗದ ಹತ್ರ ಕೂರಾಳು ಅವಳೇ."

ನನಗೆ ಬಂದದ್ದು ಮೊದಲು ಹೆದರಿಕೆ, ಮರುಕ್ಷಣ ಸಿಟ್ಟು. "ಹೊಳಲ್ಕೆರೇಲೇ ಗೊತ್ತಾಗೈತೆ ನಿಮಗೆ! ಆರು ಗಂಟೆ ಆತು! ಒಂದು ಫೋನು ಮಾಡಾಕೆ ಏನಾಗಿತ್ತು?"

"ಮಾಡಿದ್ರೆ ಆ ಹಾಯಿ ಇಳಿಸಿ ಅಂತಾರೆ. ಪಂದ್ಯ ಹೋಗ್ತದೆ. 'ನಿಮ್ಮಪ್ಪ ಹಿಂಗಾ ಹೊಲಿಯಾದು' ಅಂತ ಅವಳ ಜಾಗಾನೂ ಹೋಗ್ತದೆ. ಅವಳು ಎಲ್ಲರ ಮುಂದೆ ನನ್ನ ಹೆಸರು ಹೇಳಿ ತಂದಿದ್ಲು. ಗಾಳಿ ಬರಾದ್ರೊಳಗೆ ಮಲ್ಪೆ ಸೇರಿಬಿಡ್ತಾರೆ ಅಂದ್ಕಂಡೆ."

"ಜಾಗ ತಗೊಂಡು ಏನ್ ಮಾಡ್ತೀರಿ ಚಾಚಾ, ಹುಡುಗಿ ಬ್ಯಾಡವಾ?"

ನನ್ನ ಅಪ್ಪನ ವಯಸ್ಸಿನವರ ಮೇಲೆ ನಾನು ಹಾಗೆ ಕೂಗಬಾರದಿತ್ತು. ಕೂಗಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅವರ ಫೋನು ಕಿತ್ತುಕೊಂಡು ದೀಪಾ ಅವರ ನಂಬರು ಒತ್ತಿ, ಸ್ಪೀಕರ್ ಹಾಕಿ ಚಾಚಾನ ಬಾಯಿಗೇ ಹಿಡಿದೆ. ಇದನ್ನು ಅವರೇ ಹೇಳಬೇಕಿತ್ತು. ಹೇಳಿದರು. ಒಂದೂ ಮುಚ್ಚಿಡದೆ, ಹೊಳಲ್ಕೆರೆಯ ಟೀ ಸಮೇತ ಹೇಳಿದರು. ಆಮೇಲೆ ದೀಪಾ, "ರೇಡಿಯೋದಲ್ಲಿ ಈಗಲೇ ಹೇಳಿಸ್ತೀನಿ. ನೀವು ಲೈನಲ್ಲೇ ಇರಿ" ಅಂದರು. ಬೈಯಲಿಲ್ಲ. ಬೈದಿದ್ದರೆ ಚಾಚಾಗೆ ಒಳ್ಳೆಯದಿತ್ತು.

ಅಷ್ಟರಲ್ಲಿ ಗಾಳಿ ನಮಗೂ ತಾಗಿತು. ರಸ್ತೆಯ ಮೇಲಿನ ಮರಳು ಎದ್ದು ಮುಖಕ್ಕೆ ಹೊಡೆಯಿತು. ನನ್ನ ಪಿಕಪ್ಪಿನ ಹಿಂದೆ ಟಾರ್ಪಾಲು ಪಟಪಟ ಬಡಿದುಕೊಂಡಿತು. ಆ ಸದ್ದಿಗೆ ಚಾಚಾ ಎರಡೂ ಕಿವಿ ಮುಚ್ಚಿಕೊಂಡರು. ಸಮುದ್ರದ ಬಣ್ಣ ಹೋಯಿತು. ಬಿಳಿ ಚೂರುಗಳಲ್ಲಿ ಹಿಂದಿನದು ಮೊದಲು ಮಾಯವಾಯಿತು, ಆಮೇಲೆ ಎರಡು, ಆಮೇಲೆ ಎಲ್ಲ. ಮಳೆಯ ಗೋಡೆ ಬಿಟ್ಟರೆ ಏನೂ ಕಾಣಲಿಲ್ಲ.

ದೀಪಾ ಮತ್ತೆ ಲೈನಿಗೆ ಬಂದರು. "ಮುಂಗಾರಿ ಉತ್ತರ ಕೊಡ್ತಿಲ್ಲ. ಇಂಥ ಗಾಳಿಯಲ್ಲಿ ಎಲ್ಲರೂ ಮೇಲೇ ಇರ್ತಾರೆ, ರೇಡಿಯೋ ಕೆಳಗಿರುತ್ತೆ. ಕರೀತಾನೇ ಇದ್ದಾರೆ."

ಚಾಚಾ ಮಳೆಯಲ್ಲೇ ಕಲ್ಲಿನ ಮೇಲೆ ನಿಂತಿದ್ದರು. ಒಳಗೆ ಬರ್ರಿ, ಗಾಡೀಲಿ ಕುಂತ್ಕಳ್ರಿ ಅಂತ ತೋಳು ಹಿಡಿದು ಎಳೆದೆ. ಬರಲಿಲ್ಲ. "ಮತ್ತೊಂದು ಸಲ ಮಾಡಿದೆ ಮಂಜಣ್ಣ" ಅಂದರು. "ಗಟ್ಟಿ ಹೊಲಿದು ಅಣ್ಣನ್ನ ಕೊಂದೆ. ಸಡಿಲ ಹೊಲಿದು ಮಗಳನ್ನ." ನಾನು ಅವರ ಬಾಯಿ ಮುಚ್ಚಿದೆ, ನಿಜವಾಗಿ ಕೈಯಿಂದಲೇ ಮುಚ್ಚಿದೆ. ಅವರ ಗಡ್ಡದ ನೀರು ನನ್ನ ಬೆರಳಿನ ಮೇಲೆ ಇಳಿಯಿತು.

ಮಳೆ ಇಪ್ಪತ್ತು ನಿಮಿಷ ಹೊಡೆದು ದಕ್ಷಿಣಕ್ಕೆ ಹೋಯಿತು. ಬೆಳಕು ಬಂತು. ನಾನು ಕಣ್ಣೊರೆಸಿಕೊಂಡು ಎಣಿಸಿದೆ. ಒಂದು, ಎರಡು. ಅಲ್ಲೊಂದು, ಮೂರು. ಅದರಾಚೆ ನಾಲ್ಕು. ಮತ್ತೆ ಎಣಿಸಿದೆ. ನಾಲ್ಕೇ. ಚಾಚಾನ ಕಣ್ಣು ದೂರಕ್ಕೆ ಅಷ್ಟು ಕಾಣಿಸುವುದಿಲ್ಲ. "ಎಷ್ಟು?" ಅಂದರು.

"ಐದು" ಅಂದೆ ನಾನು.

ಇಂಥ ಸುಳ್ಳನ್ನು ನಾನು ಜನ್ಮದಲ್ಲಿ ಹೇಳಿರಲಿಲ್ಲ. ಅವರು ನನ್ನ ಮುಖ ನೋಡಿದರು, ನಂಬಲಿಲ್ಲ, ಆದರೆ ಮರುಪ್ರಶ್ನೆ ಹಾಕುವ ಧೈರ್ಯವೂ ಅವರಿಗಿರಲಿಲ್ಲ. ಸುಮ್ಮನೆ ಗಾಡಿ ಹತ್ತಿದರು. ಅವರ ಫೋನು ನೆನೆದು ಪರದೆ ಕಪ್ಪಾಗಿತ್ತು. ನನ್ನ ಫೋನಿನಲ್ಲಿ ನಕಾಶೆಯೂ ಇರಲಿಲ್ಲ, ದೀಪಾ ಅವರ ನಂಬರೂ ಇರಲಿಲ್ಲ. ಮುಂದಾಲೋಚನೆ ಅನ್ನುವುದು ನಮ್ಮ ವಂಶದಲ್ಲೇ ಇಲ್ಲ.

ಮರವಂತೆಯಿಂದ ಮಲ್ಪೆ ಒಂದೂಕಾಲು ಗಂಟೆ. ಆ ದಾರಿಯಲ್ಲಿ ನಾವು ಮೂರು ಸೇತುವೆ ದಾಟಿದ್ದೇವೆ ಅಂತ ಆಮೇಲೆ ಗೊತ್ತಾಯಿತು, ನನಗೆ ಒಂದೂ ನೆನಪಿಲ್ಲ. ನೆನಪಿರುವುದು ಒಂದೇ: ಚಾಚಾ ಆ ಸೂಜಿಯಿಂದ ಹಳದಿ ದಾರವನ್ನು ಎಳೆದು ತೆಗೆದು, ಕಿಟಕಿಯಾಚೆ ಬಿಸಾಡಲು ಹೋಗಿ, ಬಿಸಾಡದೆ ಜೇಬಿಗೆ ಹಾಕಿಕೊಂಡರು. ಮಗಳಿಗೆ ತೋರಿಸಬೇಕು ಅಂದರು. ತೋರಿಸಲು ಮಗಳು ಇರುತ್ತಾಳೋ ಇಲ್ಲವೋ ಅಂತ ನಾವಿಬ್ಬರೂ ಯೋಚಿಸುತ್ತಿದ್ದೆವು.

ಜೆಟ್ಟಿಯಲ್ಲಿ ದೀಪಾ ಸಿಕ್ಕರು. ನಲವತ್ತರ ಹೆಂಗಸು, ಮಳೆ ಕೋಟು, ಎರಡು ಕೈಯಲ್ಲೂ ಫೋನು. ನಮ್ಮನ್ನು ಕಂಡವರೇ ಓಡಿ ಬಂದರು. "ನಿಮ್ಮ ಫೋನೇ ಹತ್ತುತ್ತಿರಲಿಲ್ಲ! ಒಂದು ದೋಣಿಯ ಕಂಬ ಮುರೀತು. ಮೀನಿನ ಬೋಟಿನವರು ಗಂಗೊಳ್ಳಿಗೆ ಎಳೆದುಕೊಂಡು ಹೋದರು, ಐದೂ ಜನ ಕ್ಷೇಮ. ಅದು ಮುಂಗಾರಿ ಅಲ್ಲ." ಚಾಚಾ ಅಲ್ಲೇ ಮೀನಿನ ಬುಟ್ಟಿಗಳ ನಡುವೆ ಕೂತುಬಿಟ್ಟರು. "ಮುಂಗಾರಿ ಬರ್ತಾ ಇದೆ. ಆದರೆ ರೇಡಿಯೋ ಇನ್ನೂ ಎತ್ತಿಲ್ಲ. ಮೇಲೆ ಏನಾಗಿದೆ ಗೊತ್ತಿಲ್ಲ" ಅಂತ ದೀಪಾ ಮೆಲ್ಲಗೆ ಸೇರಿಸಿದರು. ಹಾಗಾಗಿ ನಮ್ಮ ಹೆದರಿಕೆ ಹೋಗಲಿಲ್ಲ. ಇನ್ನೂ ಮೂರು ಗಂಟೆ ಕಾಯಬೇಕಿತ್ತು.

ಐದೂಮುಕ್ಕಾಲಿಗೆ ಮುಂಗಾರಿ ಮೂರನೆಯದಾಗಿ ಬಂತು. ಮುಂದಿನ ಹಾಯಿ ಇಡಿಯಾಗಿತ್ತು. ಹಿಂದಿನ ಮೂಲೆಯೂ ಇತ್ತು, ಉಂಗುರವೂ ಇತ್ತು. ನಾನು ಡೆಕ್ಕಿನ ಮೇಲಿನ ತಲೆಗಳನ್ನು ಎಣಿಸಿದೆ, ಅವತ್ತು ನನಗೆ ಅದೇ ಕೆಲಸ. ಐದು. ಈ ಸಲ ಸುಳ್ಳಲ್ಲ. ಅರ್ಫಾ ಕೊನೆಗೆ ಇಳಿದಳು. ಎರಡೂ ಕೈಗೆ ಬಟ್ಟೆ ಸುತ್ತಿತ್ತು.

ಚಾಚಾ ಮಗಳನ್ನು ಅಪ್ಪಲಿಲ್ಲ. ನೇರ ಕ್ಯಾಪ್ಟನ್ನಿನ ಮುಂದೆ ಹೋಗಿ ನಿಂತು ಜೇಬಿನಿಂದ ಆ ದಾರ ತೆಗೆದು ತೋರಿಸಿದರು. "ತಪ್ಪು ನಂದು ಸಾಹೇಬ್ರೆ. ಆ ಮೂಲೇಲಿ ನಾನು ಸೋಲೋ ಹೊಲಿಗೆ ಹಾಕಿದೀನಿ. ಬೆಳಿಗ್ಗೇನೇ ಗೊತ್ತಾಗಿತ್ತು, ಹೆದರಿ ಹೇಳಲಿಲ್ಲ. ಶಿಕ್ಷೆ ನನಗೆ ಕೊಡ್ರಿ, ಮಗಳ ಜಾಗ ತೆಗೀಬ್ಯಾಡ್ರಿ."

ಕ್ಯಾಪ್ಟನ್ ಅರ್ಫಾಳ ಕಡೆ ನೋಡಿದರು. ಅರ್ಫಾ ಉರ್ದುವಿನಲ್ಲಿ ಹೇಳಿದಳು. ಲಾರಿ ಸ್ಟ್ಯಾಂಡಿನಲ್ಲಿ ಬೆಳೆದ ನನಗೆ ತಿಳಿಯದ ಉರ್ದು ಇಲ್ಲ. "ಗೊತ್ತು ಅಬ್ಬಾ. ಗೋವಾದಲ್ಲಿ ಮೂಟೆ ಬಿಚ್ಚಿದ ಕೂಡಲೇ ನೋಡಿದೆ. ನಾನು ನಿಮ್ಮ ಶೆಡ್ಡಿನಲ್ಲೇ ಹುಟ್ಟಿ ಬೆಳೆದವಳಲ್ಲವಾ? ಅದನ್ನು ಬಿಚ್ಚಿ ನಾಲ್ಕೆಳೆಯಲ್ಲಿ ನಾನೇ ಹೊಲಿದೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ಇಲ್ಲಿಗೆ ಮುಗಿಯಿತು ಅಂದುಕೊಂಡೆ ನಾನು. ಇನ್ನು ಚಾಚಾ ನಗುತ್ತಾರೆ, ನಾನೂ ಒಂದು ಟೀ ಕುಡಿಯಬಹುದು. ಆದರೆ ಚಾಚಾನ ಮುಖ ಮರವಂತೆಯಲ್ಲಿ ಇದ್ದದ್ದಕ್ಕಿಂತ ಕೆಟ್ಟುಹೋಯಿತು. ತುಟಿ ಬಿಳಿಚಿಕೊಂಡಿತು.

"ಬಿಚ್ಚಿದೆಯಾ? ನಾಲ್ಕೆಳೆ ಹಾಕಿದೆಯಾ?" ಅಂದರು. "ಮತ್ತೆ ಆ ಗಾಳಿಗೆ ಸೋತದ್ದು ಯಾವುದು ಮಗಳೇ? ಏನಾದರೂ ಸೋಲಲೇಬೇಕಲ್ಲ. ಇಲ್ಲದಿದ್ದರೆ ಮಗುಚಿ ಬೀಳುತ್ತೆ. ನಿಮ್ಮ ದೊಡ್ಡಪ್ಪ..."

ಅರ್ಫಾ ಕೈಗೆ ಸುತ್ತಿದ್ದ ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಎರಡೂ ಅಂಗೈ ಅಪ್ಪನ ಮುಂದೆ ಹಿಡಿದಳು. ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಹಗ್ಗ ಉಜ್ಜಿ ಚರ್ಮ ಸುಟ್ಟು ಎದ್ದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರಲ್ಲ, ನಾವ್ಯಾರೂ ಮತ್ತೇನೂ ಕೇಳಬೇಕಾಗಿರಲಿಲ್ಲ.

"ನಾನು ಸೋತೆ ಅಬ್ಬಾ" ಅಂದಳು. "ಆ ಉಂಗುರದ ಹಗ್ಗ ನನ್ನ ಕೈಯಲ್ಲಿರುತ್ತೆ. ಗಾಳಿ ಮಿತಿ ಮೀರಿದರೆ ಹಗ್ಗ ಸಡಿಲಿಸಿ ಅದಕ್ಕೆ ದಾರಿ ಬಿಟ್ಟುಕೊಡೋದೇ ನನ್ನ ಕೆಲಸ. ಇವತ್ತು ಗ್ಲೌಸ್ ಹಾಕೋಕೂ ಹೊತ್ತಿರಲಿಲ್ಲ, ಬರಿಗೈಯಲ್ಲೇ ಬಿಟ್ಟೆ. ಆ ಇನ್ನೊಂದು ದೋಣಿಯವರು ಬಿಡಲಿಲ್ಲ, ಗೆಲ್ಲೋಕೆ ಹೋದರು. ಈ ಕೆಲಸ ನನಗೆ ಯಾಕೆ ಕೊಟ್ಟಿದ್ದಾರೆ ಗೊತ್ತಾ? ತಂಡದಲ್ಲಿ ಎಲ್ಲರಿಗಿಂತ ಮೊದಲು ಬಿಡೋಳು ನಾನೇ ಅಂತ. ಅದು ಗೋವಾದಲ್ಲಿ ಕಲಿತದ್ದಲ್ಲ."

ಚಾಚಾ ಆ ಕೈಗಳನ್ನು ಮುಟ್ಟಲೂ ಹೆದರಿ ಕೆಳಗಿನಿಂದ ಮಣಿಕಟ್ಟು ಹಿಡಿದುಕೊಂಡರು. ಹಿಡಿದುಕೊಂಡೇ ಅತ್ತರು. ನಲವತ್ತು ವರ್ಷದ ಹಿಂದೆ ಲಾರಿಯ ಪಕ್ಕ ನಿಂತಾಗ ಅತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಗಾಡಿಯ ಟೈರು ನೋಡುವ ನೆಪ ಮಾಡಿಕೊಂಡು ಅತ್ತ ಹೋದೆ.

ಅಷ್ಟರಲ್ಲಿ ನನ್ನ ಫೋನು ಬಡಿಯಿತು. ಗುಲ್ನಾಜ್ ಚಾಚಿ. ಚಾಚಾನ ಫೋನು ಸತ್ತಿದ್ದರಿಂದ ಮಧ್ಯಾಹ್ನದಿಂದ ಒದ್ದಾಡಿ ನನ್ನ ನಂಬರು ಹುಡುಕಿದ್ದರು. ಸ್ಪೀಕರ್ ಹಾಕಿ ಚಾಚಾನ ಮುಂದೆ ಹಿಡಿದೆ.

"ಹುಡುಗಿ ಬಂದ್ಲಾ? ಹೊಲಿಗೆ ತಡೀತಾ?"

ಚಾಚಾ ಮೂಗು ಒರೆಸಿಕೊಂಡರು. "ಬಂದ್ಲು. ತಡೀತು" ಅಂದರು. ಮಗಳ ಅಂಗೈ ನೋಡುತ್ತಾ ಸೇರಿಸಿದರು: "ನನ್ನದಲ್ಲ ಗುಲ್ನಾಜ್, ಅವಳದು."